ರಾಣಿಯ ಎಡಗೈ

ವಿಜಯದಶಮಿಯ ಬೆಳಿಗ್ಗೆ ಹತ್ತು ಗಂಟೆಗೆ ವರ್ಷಿಣಿ ರೇಷ್ಮೆ ವಸ್ತ್ರದ ಗಂಟು ಬಿಚ್ಚಿದಳು. ಬಿಚ್ಚಿದವಳು ಹಾಗೇ ನಿಂತುಬಿಟ್ಟಳು.

"ಓದಮ್ಮ" ಎಂದರು ಏಕಾಂತಯ್ಯ ಮೇಷ್ಟ್ರು. "ಮೊದಲನೇ ಪುಟ. ಇವತ್ತಿನ ದಿನ ಒಂದು ಸಾಲಾದರೂ ಓದಬೇಕು."

"ತಾತ—"

"ಏನು?"

"ಇದು ನಿಮ್ಮ ಪುಸ್ತಕ ಅಲ್ಲ."

ಮೇಷ್ಟ್ರು ಕೈ ಚಾಚಿದರು. ಎಂಬತ್ತನಾಲ್ಕು ವರ್ಷದ ಕೈ. ರಟ್ಟಿನ ನಾಲ್ಕು ಮೂಲೆಗಳನ್ನೂ ಮುಟ್ಟಿ ನೋಡಿದರು. ಅವರ ಪುಸ್ತಕದ ಮೂಲೆಗಳಿಗೆ ಹಿತ್ತಾಳೆ ತಗಡು ಹೊಡೆಸಿತ್ತು. ಇದಕ್ಕೆ ಇರಲಿಲ್ಲ.

"ಹಾಗಾದರೆ ನನ್ನ ಪುಸ್ತಕ ಎಲ್ಲಿ?"

ಹೊರಗೆ ಲಕ್ಷ್ಮೀಪುರಂ ರಸ್ತೆಯಲ್ಲಿ ಜಂಬೂಸವಾರಿಗೆ ಜಾಗ ಹಿಡಿಯಲು ಹೊರಟವರ ಗಲಾಟೆ ಕೇಳುತ್ತಿತ್ತು. ನಾನು ಎದ್ದು ಹೋಗಿ ವರ್ಷಿಣಿಯ ಕೈಯಲ್ಲಿದ್ದುದನ್ನು ನೋಡಿದೆ. ಯಾವುದೋ ಹಳೆಯ ವಾರಪತ್ರಿಕೆಯಿಂದ ಧಾರಾವಾಹಿಯ ಪುಟಗಳನ್ನು ಕತ್ತರಿಸಿ, ಜೋಡಿಸಿ, ದಪ್ಪ ರಟ್ಟು ಹಾಕಿ ಬೈಂಡ್ ಮಾಡಿಸಿದ್ದ ಸಂಪುಟ. ಒಂದು ಕಾಲಕ್ಕೆ ಮನೆಮನೆಯ ಹೆಂಗಸರೂ ಹೀಗೆ ಮಾಡಿಸಿಡುತ್ತಿದ್ದರು.

ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಜವರಪ್ಪ. ಚಾಮರಾಜಪುರಂನಲ್ಲಿ ಮೂವತ್ತೆಂಟು ವರ್ಷದಿಂದ ಪ್ರೆಸ್ಸು ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ತಿಥಿ ಕಾರ್ಡು, ಕವನ ಸಂಕಲನ, ಮೂರನ್ನೂ ಒಂದೇ ಮುಖ ಇಟ್ಟುಕೊಂಡು ಅಚ್ಚು ಹಾಕುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಅಂತ ಹೆಂಡತಿ ಹೇಳುತ್ತಾಳೆ. ಇರಲಿ, ಸಿಟ್ಟಿಲ್ಲದವನು ಪ್ರೂಫ್ ತಿದ್ದಲಾರ. ಆದರೆ ಮೇಷ್ಟ್ರ ಪುಸ್ತಕದ ವಿಷಯದಲ್ಲಿ ಮಾತ್ರ ನಾನು ಮೆತ್ತಗಾಗಿದ್ದೆ.

ಯಾಕೆಂದರೆ ಅಂಥ ಪುಸ್ತಕ ಇನ್ನೊಂದಿಲ್ಲ. ಏಕಾಂತಯ್ಯನವರು ನಾಟಕ ಕಂಪನಿಯಲ್ಲಿ ಹಾಡುತ್ತ, ಹಾಡಿಸುತ್ತ ಬಾಳಿದವರು. ಹಾಡುತ್ತಲೇ ಅಭಿನಯಿಸುವುದು ಹೇಗೆ ಎಂಬುದೊಂದನ್ನೇ ಐವತ್ತು ವರ್ಷ ಬರೆದಿದ್ದರು. ಯಾವ ಸಾಲಿಗೆ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಸ್ವರ ಒಡೆಯಬೇಕು, ಆಗ ಕಣ್ಣು ಎಲ್ಲಿರಬೇಕು, ಕೈ ಎಲ್ಲಿರಬೇಕು— ಎಲ್ಲ. ಹೆಸರಿರಲಿಲ್ಲ ಅದಕ್ಕೆ. ಕಂಪನಿಯವರು ದೊಡ್ಡ ಪುಸ್ತಕ ಎನ್ನುತ್ತಿದ್ದರು. ಅವರನ್ನು ಬಿಟ್ಟು ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

ಈಗ ಅದನ್ನು ನಾನು ಅಚ್ಚು ಹಾಕಬೇಕಿತ್ತು. ಮೇಷ್ಟ್ರಿಗೆ ಕಣ್ಣು ಮಂಜು. ಪುಸ್ತಕ ಮನೆ ಬಿಟ್ಟು ಹೋಗಕೂಡದು ಎಂಬ ಹಟ ಬೇರೆ. ಹಾಗಾಗಿ ನನ್ನ ಪ್ರೆಸ್ಸಿನಲ್ಲಿ ಟೈಪ್ ಮಾಡುವ ವರ್ಷಿಣಿ ಎರಡು ತಿಂಗಳಿಂದ ದಿನಾ ಲ್ಯಾಪ್‌ಟಾಪ್ ಹೊತ್ತು ಅವರ ಮನೆಗೇ ಬರುತ್ತಿದ್ದಳು. ಮುಕ್ಕಾಲು ಪಾಲು ಮುಗಿದಿತ್ತು. ನವರಾತ್ರಿ ಬಂತು. ಏಳನೇ ದಿನ ಸರಸ್ವತಿ ಪೂಜೆಗೆ ಪುಸ್ತಕವನ್ನು ವಸ್ತ್ರದಲ್ಲಿ ಸುತ್ತಿ ಇಟ್ಟರು. ವಿಜಯದಶಮಿಯವರೆಗೆ ಪೂಜೆಗಿಟ್ಟ ಪುಸ್ತಕ ಓದಬಾರದು, ಅದು ಪದ್ಧತಿ. ಇವತ್ತು ತೆಗೆದು, ಒಂದು ಸಾಲು ಓದಿ, ಉಳಿದ ಕೆಲಸ ಶುರು ಮಾಡುವುದೆಂದು ನನ್ನನ್ನೂ ಕರೆದಿದ್ದರು.

"ಗೊತ್ತಾಯ್ತು" ಎಂದ ಮಹಾಂತೇಶ್. ಮೇಷ್ಟ್ರ ಶಿಷ್ಯ. ಐವತ್ತರ ಹತ್ತಿರದ ಆಳು, ರಂಗಗೀತೆ ಕಲಿಸುವ ಶಾಲೆ ನಡೆಸುತ್ತಾನೆ. "ಗುರುಗಳೇ, ಮೊನ್ನೆ ಆಯುಧಪೂಜೆ—"

"ಮೊನ್ನೆ ಅಲ್ಲ, ನೆನ್ನೆ" ಎಂದೆ ನಾನು.

"ನೆನ್ನೆ. ಇವಳು ಲ್ಯಾಪ್‌ಟಾಪಿಗೆ ಪೂಜೆ ಮಾಡಿಸ್ಕೊಂಡು ಹೋಗ್ತೀನಿ ಅಂತ ಬಂದಿದ್ದಳು. ಅಮ್ಮ ಕಾಫಿ ಮಾಡೋಕೆ ಒಳಗೆ ಹೋದರು. ಗುರುಗಳು ಮಲಗಿದ್ದರು. ಹತ್ತು ನಿಮಿಷ ಹಾಲ್‌ನಲ್ಲಿ ಇವಳೊಬ್ಬಳೇ. ಹೌದೋ ಅಲ್ವೋ?"

"ಹೌದು ಸಾರ್, ಆದ್ರೆ ನಾನು—"

"ಪುಸ್ತಕದ ಬೆಲೆ ಇವಳಿಗೆ ಗೊತ್ತು. ಬ್ಯಾಗು ಬೇರೆ ಇತ್ತು. ಇನ್ನೇನು ಬೇಕು?"

ವರ್ಷಿಣಿಯ ಮುಖ ಬಿಳಿಚಿಕೊಂಡಿತು. ಅವಳಿಗೆ ಸರ್ಕಾರಿ ಶಾಲೆಯ ಟೀಚರ್ ಕೆಲಸ ಆಗಿತ್ತು. ಪೊಲೀಸ್ ವೆರಿಫಿಕೇಶನ್ ಒಂದೇ ಬಾಕಿ. ದಟ್ಟಗಳ್ಳಿಯಲ್ಲಿ ಅವಳ ತಾಯಿ ಹೊಲಿಗೆ ಮಿಷನ್ ತುಳಿದು ಓದಿಸಿದ ಹುಡುಗಿ. ಅವಳ ಹೆಸರಿನಲ್ಲಿ ಒಂದು ಕಂಪ್ಲೇಂಟ್ ಬಿದ್ದರೆ ಮುಗಿಯಿತು.

"ಸಂಜೆ ಜಂಬೂಸವಾರಿಯ ಕುಶಾಲತೋಪು ಹಾರೋದರೊಳಗೆ ಪುಸ್ತಕ ಇಲ್ಲಿರಬೇಕು" ಎಂದ ಮಹಾಂತೇಶ್. "ಇಲ್ಲ, ಸ್ಟೇಷನ್ನಿಗೆ ಹೋಗ್ತೀನಿ."

"ಲೋ, ಬಾಯಿಗೆ ಬಂದಂಗೆ ಆಡಬೇಡ" ಎಂದೆ. ನನ್ನ ಸಿಟ್ಟು ಎಲ್ಲಿಗೆ ಹೋಗಬೇಕು? "ಪೊಲೀಸ್ ತಾನೇ ಬೇಕು ನಿನಗೆ? ನಾನೇ ಕರೀತೀನಿ."

ಫೋನು ತೆಗೆದು ದೇವಿರಮ್ಮನಿಗೆ ಮಾಡಿದೆ.

ದೇವಿರಮ್ಮ ನನ್ನ ಪಕ್ಕದ ಮನೆಯಾಕೆ. ತಿ. ನರಸೀಪುರದ ಕಡೆಯ ಒಕ್ಕಲುಮನೆಯವಳು. ಕಾನ್‌ಸ್ಟೇಬಲ್ ಆಗಿ ಸೇರಿ, ಎಎಸ್‌ಐ ಆಗಿ ರಿಟೈರ್ ಆದವಳು. ರಸ್ತೆಗಳಿಗೆಲ್ಲ ಬ್ಯಾರಿಕೇಡ್ ಹಾಕಿದ್ದರಿಂದ ಸುತ್ತು ಹಾಕಿ ನಡೆದುಕೊಂಡೇ ಬಂದಳು, ಬರುವಷ್ಟರಲ್ಲಿ ಎರಡು ಗಂಟೆ ದಾಟಿತ್ತು. ಬಂದವಳು ಕಳ್ಳತನದ ಸುದ್ದಿ ಕೇಳುವ ಮೊದಲು ಕುಡಿಯಲು ನೀರು ಕೇಳಿದಳು.

ಪಾರ್ವತಮ್ಮನವರು ಚೊಂಬು ತಂದುಕೊಟ್ಟರು. ಮೇಷ್ಟ್ರ ಹೆಂಡತಿ, ಮಹಾಂತೇಶ್ ಅಮ್ಮ ಎನ್ನುವುದು ಇವರನ್ನೇ. ಎಪ್ಪತ್ತೆರಡಾದರೂ ಕೆಲಸದಲ್ಲಿ ಚುರುಕು. ಕಂಪನಿಯ ಕಾಲದಲ್ಲಿ ನಲವತ್ತು ಜನರಿಗೆ ಅಡುಗೆ ಮಾಡಿ ಹಾಕುತ್ತಿದ್ದರಂತೆ. ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ನೀರು ಕೊಟ್ಟು ಮತ್ತೆ ಅಡುಗೆಮನೆ ಬಾಗಿಲಿಗೆ ಹೋಗಿ ನಿಂತರು.

"ಯೋಳಿ" ಎಂದಳು ದೇವಿರಮ್ಮ. "ಮನೇಲಿ ಈ ಮೂರು ದಿವ್ಸ ಯಾರ್ಯಾರು ಇದ್ರು?"

"ಯಾರೂ ಇರಲಿಲ್ಲ" ಎಂದರು ಮೇಷ್ಟ್ರು. "ನಾವೇ."

"ಒರಗಿಂದ ಬಂದೋರು?"

"ಎಂಟನೇ ದಿನ ಮೋಹನ್ ಅಂತ ಒಬ್ಬರು ಬಂದಿದ್ದರು. ಹಳೇ ನಾಟಕದ ಸಾಮಾನು ಕೂಡಿಸಿಡೋರು. ಪುಸ್ತಕ ತೋರಿಸಿ ಅಂತ ಕೈ ಮುಗಿದರು. ಪೂಜೆಗಿಟ್ಟಿದೆ, ಆಗಲ್ಲ ಅಂದೆ."

"ಒಂಬತ್ತನೇ ದಿನ ಇವಳು" ಎಂದು ಮಹಾಂತೇಶ್ ಬೆರಳು ತೋರಿಸಿದ.

"ನೀವು?"

"ನಾನು? ನಾನು ಮನೆ ಮಗ ಇದ್ದ ಹಾಗೆ. ದಿನಾ ಬರ್ತೀನಿ."

"ಪುಸ್ತಕ ಅಚ್ಚಾದ್ರೆ ಅದ್ರಾಗಿರೋ ಇದ್ಯೆ ಎಲ್ಲರ ಕೈಗೂ ಸಿಕ್ಬುಡ್ತದೆ. ನಿಮ್ಮ ಶಾಲೆಗೆ ಯಾರು ಬತ್ತಾರೆ?"

ಮಹಾಂತೇಶನ ಕಿವಿ ಕೆಂಪಾಯಿತು. "ಅಚ್ಚು ಬೇಡ ಅಂತ ಗುರುಗಳಿಗೆ ಹೇಳಿದ್ದೆ. ಅವರ ಎದುರಿಗೇ ಹೇಳಿದ್ದೆ. ಅಷ್ಟಕ್ಕೆ ಕಳ್ಳ ಅಂತೀರಾ?"

"ನಾನೆಲ್ಲಿ ಅಂದೆ? ನೀವೇ ಅಂದ್ಕತಾ ಇದ್ದೀರ."

ನನಗೆ ನಗು ಬಂತು, ತಡೆದುಕೊಂಡೆ. ದೇವಿರಮ್ಮ ಪೂಜೆಯ ಮಣೆಯ ಮುಂದೆ ಕುಳಿತಳು. ರೇಷ್ಮೆ ವಸ್ತ್ರವನ್ನು ಬೆಳಕಿಗೆ ಹಿಡಿದಳು. ಮೂರು ಬೆರಳಿನ ವಿಭೂತಿ, ನಡುವೆ ಗಂಧ, ಗಂಧದ ಮೇಲೆ ಕುಂಕುಮ. ಆಮೇಲೆ ಧಾರಾವಾಹಿಯ ಸಂಪುಟವನ್ನು ತಿರುಗಿಸಿ ಮುರುಗಿಸಿ ನೋಡಿದಳು. ರಟ್ಟಿನ ಮೇಲೆ ಹೆಬ್ಬೆರಳು ಉಜ್ಜಿ ಮೂಸಿದಳು.

"ಗಂಧ ಯಾರು ಇಟ್ಟಿದ್ದು?"

"ನಾನೇ" ಎಂದರು ಮೇಷ್ಟ್ರು. "ಏಳನೇ ದಿನ ಬೆಳಿಗ್ಗೆ, ಪೂಜೆ ಹೊತ್ತಲ್ಲಿ. ಸಾಣೆಕಲ್ಲಿನ ಮೇಲೆ ತೇಯ್ದ ಗಂಧ."

"ಆಮೇಕೆ ಮತ್ತೆ ಇಟ್ರಾ?"

"ಇಲ್ಲ. ಬರೀ ಹೂವು ಬದಲಾಯಿಸೋದು."

"ಆವತ್ತು ಬೆಳಿಗ್ಗೆ ನಿಮ್ಮ ಪುಸ್ತಕ ಎಲ್ಲಿತ್ತು?"

"ನನ್ನ ದಿಂಬಿನ ಪಕ್ಕ. ಹಿಂದಿನ ಸಂಜೆ ಈ ಮಗು ಕೆಲಸ ಮುಗಿಸಿ ನನ್ನ ಕೈಗೇ ಕೊಟ್ಟಿದ್ದಳು. ಬೆಳಿಗ್ಗೆ ಎದ್ದು ಮುಟ್ಟಿ ನೋಡಿದೆ, ಹಿತ್ತಾಳೆ ಮೂಲೆ ಇತ್ತು."

ದೇವಿರಮ್ಮ ಇನ್ನೇನೂ ಕೇಳಲಿಲ್ಲ. ವರ್ಷಿಣಿಯನ್ನು ಹತ್ತಿರ ಕರೆದಳು.

"ಅಳ್ಬ್ಯಾಡ ಕಣಮ್ಮ. ಕೊನೇ ದಿನ ಎಲ್ಲಿಗಂಟ ಟೈಪ್ ಮಾಡಿದ್ದೆ?"

"ಶೃಂಗಾರ, ವೀರ, ಹಾಸ್ಯ ಎಲ್ಲ ಮುಗಿದಿತ್ತು ಆಂಟಿ. ಶೋಕದ ಅಧ್ಯಾಯ ಶುರು ಮಾಡಿದ್ವಿ. ಎರಡು ಸಾಲು ಆಗಿತ್ತು ಅಷ್ಟೇ."

"ಟೈಪ್ ಮಾಡೋದು ಎಂಗೆ? ಮನಸ್ನಾಗೆ ಓದ್ಕಂಡಾ?"

"ಇಲ್ಲ, ಜೋರಾಗಿ. ತಾತನಿಗೆ ಕಣ್ಣು ಕಾಣಲ್ವಲ್ಲ. ಒಂದೊಂದು ಸಾಲೂ ಜೋರಾಗಿ ಓದ್ತೀನಿ, ತಾತ ಹೂಂ ಅಂತಾರೆ, ಆಮೇಲೆ ಹೊಡೀತೀನಿ."

"ಎರಡೇ ಸಾಲಿಗೆ ಯಾಕೆ ನಿಲ್ಲಿಸಿದ್ರಿ?"

"ಒಳಗೆ ಹಾಲು ಉಕ್ಕಿಹೋಯ್ತು. ವಾಸನೆ ಬಂತು. ನಾನು ಓಡಿಹೋಗಿ ಸ್ಟವ್ ಆರಿಸಿದೆ."

"ಪಾರ್ವತಮ್ನೋರು ಇರನಿಲ್ವಾ?"

ವರ್ಷಿಣಿ ಯೋಚಿಸಿದಳು. "ಇದ್ರು. ಅಲ್ಲೇ ಸ್ಟವ್ ಮುಂದೇನೇ ನಿಂತಿದ್ರು."

ಹಾಲು ಯಾರ ಮನೆಯಲ್ಲಿ ಉಕ್ಕುವುದಿಲ್ಲ? ನಾನು ಗಡಿಯಾರ ನೋಡಿದೆ. ಮೂರು ಗಂಟೆಯಾಗುತ್ತ ಬಂದಿತ್ತು.

"ಆ ಎರಡು ಸಾಲು ಓದು" ಎಂದಳು ದೇವಿರಮ್ಮ.

ವರ್ಷಿಣಿ ಲ್ಯಾಪ್‌ಟಾಪ್ ತೆರೆದು ಓದಿದಳು. "ಶೋಕವು ಕಣ್ಣಿನಲ್ಲಿ ಹುಟ್ಟುವುದಿಲ್ಲ. ನರಸೀಪುರದ ಕ್ಯಾಂಪಿನಲ್ಲಿ, ಮಗುವನ್ನು ಕಳೆದುಕೊಂಡ ಒಬ್ಬ ತಾಯಿಯನ್ನು ಬೆಳಗಿನ ಜಾವ ನಾನು ನೋಡಿದೆ."

ಮೇಷ್ಟ್ರು ಕೆಮ್ಮಿದರು. ದೇವಿರಮ್ಮ ಅವರ ಕಡೆ ನೋಡಲಿಲ್ಲ. ಅಡುಗೆಮನೆ ಬಾಗಿಲನ್ನು ನೋಡುತ್ತಿದ್ದಳು. ನಾನೂ ನೋಡಿದೆ. ಪಾರ್ವತಮ್ಮ ಬಲಗೈಯಲ್ಲಿ ಸೌಟು ಹಿಡಿದು ನಿಂತಿದ್ದರು. ಎಡಗೈ ಮಾತ್ರ ಸೊಂಟದ ಹತ್ತಿರ ಬಾಗಿಕೊಂಡಿತ್ತು, ಕಂಕುಳಲ್ಲಿ ಮಗು ಎತ್ತಿಕೊಂಡ ಹಾಗೆ. ಬೆರಳುಗಳು ಮೆಲ್ಲಗೆ ತಟ್ಟುತ್ತಿದ್ದವು. ಏನನ್ನು? ಗಾಳಿಯನ್ನು.

"ಇದು ನಂಗೆ ಗೊತ್ತು" ಎಂದಳು ದೇವಿರಮ್ಮ ಮೆಲ್ಲಗೆ. "ಚಿಕ್ಕವಳಿದ್ದಾಗ ನಾಟ್ಕದ ಟೆಂಟಿನಾಗೆ ನೋಡಿದ್ದೆ. ಮಗ ಸತ್ತಾಗ ರಾಣಿ ಇಂಗೇ ನಿಂತ್ಕತಿದ್ಲು. ಇಡೀ ಟೆಂಟು ಅತ್ತುಬುಡೋದು."

"ಅದು ನಮ್ಮ ಕಂಪನಿಯ ರಾಣಿಯ ಎಡಗೈ" ಎಂದ ಮಹಾಂತೇಶ್. ಇಷ್ಟು ಹೊತ್ತಿಗೆ ಮೊದಲ ಸಲ ಅವನ ದನಿಯಲ್ಲಿ ಹೆಮ್ಮೆ ಬಂತು. "ಗುರುಗಳು ಕಲಿಸಿದ್ದು. ನಾನೂ ಅದನ್ನೇ ಕಲಿಸ್ತೀನಿ. ಅಮ್ಮ ಸೈಡ್ ವಿಂಗ್‌ನಲ್ಲಿ ನಿಂತು ಸಾವಿರ ಸಲ ನೋಡಿದ್ದಾರೆ. ಅಭ್ಯಾಸ ಆಗಿಬಿಟ್ಟಿದೆ."

"ಇವರಿಗೆ ಮಕ್ಕಳು?"

"ಇಲ್ಲ. ಶಿಷ್ಯರೇ ಮಕ್ಕಳು."

ದೇವಿರಮ್ಮ ಕೆಳಗಿನಿಂದ ಎದ್ದಳು. ಮಂಡಿ ಹಿಡಿದುಕೊಂಡು, ಕಷ್ಟಪಟ್ಟು ಎದ್ದಳು. ಮೇಷ್ಟ್ರ ಎದುರಿನ ಕುರ್ಚಿಯಲ್ಲಿ ಕುಳಿತಳು.

"ಮೇಷ್ಟ್ರೆ, ಆ ತಾಯಿ ಯಾರು?"

ಮೇಷ್ಟ್ರು ಮುಖ ಪಕ್ಕಕ್ಕೆ ತಿರುಗಿಸಿದರು.

"ನೀವು ಯೋಳದೆ ಇದ್ರೆ ನಾನು ಯೋಳಬೇಕಾಯ್ತದೆ. ಈ ಮಗೀನ ಕೆಲ್ಸ ಓಯ್ತದೆ."

ಮಂಜುಗಣ್ಣು ನೆಲ ನೋಡುತ್ತಿತ್ತು.

"ಸರಿ" ಎಂದಳು ದೇವಿರಮ್ಮ. "ಮಹಾಂತೇಶಪ್ಪ, ನೀವು ಒಂಬತ್ತನೇ ದಿನ ಕಳ್ಳತನ ಆಯ್ತು ಅಂತೀರ. ಎಂಗೆ ಆಯ್ತದೆ? ಈ ಬಟ್ಟೆ ನೋಡಿ. ಒದ್ದೆ ಗಂಧ, ಮ್ಯಾಲೆ ಕುಂಕುಮ. ಬಟ್ಟೆ ದಾಟಿ ಒಳಗಿನ ರಟ್ಟಿಗೆ ಇಳಿದದೆ." ಸಂಪುಟವನ್ನು ಎತ್ತಿ ತೋರಿಸಿದಳು. ಮಾಸಿದ ರಟ್ಟಿನ ನಟ್ಟನಡುವೆ ರೂಪಾಯಿಯಗಲ ಕೆಂಪು ಮಚ್ಚೆ. ಎಲ್ಲರ ಕಣ್ಣ ಮುಂದೇ ಬೆಳಗಿನಿಂದ ಇದ್ದದ್ದು. "ಒಂಬತ್ತನೇ ದಿನಕ್ಕೆ ಗಂಧ ಒಣಗಿ ಎರಡು ದಿನ ಆಗಿತ್ತು. ಒಣಗಿದ್ದು ಇಳಿಯಾಕಿಲ್ಲ. ಅಂದ್ರೆ ಮೇಷ್ಟ್ರು ಗಂಧ ಇಟ್ಟಾಗಲೇ ಒಳಗೆ ಇದ್ದದ್ದು ಈ ಪುಸ್ತಕವೇ."

"ಅಂದರೆ—" ಎಂದೆ ನಾನು.

"ಅಂದ್ರೆ ಎಂಟನೇ ದಿನ ಬಂದ ಮೋಹನ್ ಅಲ್ಲ, ಒಂಬತ್ತನೇ ದಿನ ಬಂದ ವರ್ಷಿಣಿನೂ ಅಲ್ಲ. ಏಳನೇ ದಿನ ಬೆಳಿಗ್ಗೆ ಎದ್ದಾಗ ಮೇಷ್ಟ್ರ ಕೈಲಿ ಪುಸ್ತಕ ಇತ್ತು. ಪೂಜೆ ಒತ್ತಿಗೆ ಇರನಿಲ್ಲ. ಮಧ್ಯದಲ್ಲಿ ಅದನ್ನ ಬಟ್ಟೇಲಿ ಸುತ್ತಿದ್ದು ಯಾರು ಮೇಷ್ಟ್ರೆ?"

ಮೇಷ್ಟ್ರ ತುಟಿ ಅಲ್ಲಾಡಿತು. "ಪಾರ್ವತಿ ಕೈಗೆ ಕೊಟ್ಟೆ. ಸುತ್ತಿ ತಂದುಕೊಟ್ಟಳು."

"ನೋಡಿ. ಮನೇಲಿ ಯಾರಿದ್ರು ಅಂದ್ರೆ ಯಾರೂ ಇರನಿಲ್ಲ ಅಂದ್ರಿ."

"ಏನ್ರೀ ನೀವು ಹೇಳ್ತಿರೋದು?" ಮಹಾಂತೇಶ್ ಎದ್ದು ನಿಂತ. "ಅಮ್ಮನ ಮೇಲೆ—"

"ಕೂತ್ಕಳಿ. ಬ್ಯಾರೆ ಕಳ್ಳನಾಗಿದ್ರೆ ಇಟ್ಟಿಗೆ ಇಡ್ತಿದ್ದ, ಅಲಗೆ ಇಡ್ತಿದ್ದ. ಇವನು ಪುಸ್ತಕವನ್ನೇ ಇಟ್ಟವ್ನೆ. ಅದೂ ಅಷ್ಟೇ ಗಾತ್ರ, ಅಷ್ಟೇ ತೂಕ. ಯಾಕೆ? ಸರಸ್ವತಿ ಪೂಜೆ ಸುಳ್ಳಾಗಬಾರದು ಅಂತ. ಅಂಥ ಭಕ್ತಿ ಇರೋ ಕಳ್ಳರನ್ನ ನಾನು ನೋಡೇ ಇಲ್ಲ. ಈ ಧಾರಾವಾಹಿ ಯಾರದು ಪಾರ್ವತಮ್ನೋರೆ?"

ಬಾಗಿಲಲ್ಲಿ ನಿಂತವರು ಮೊದಲ ಸಲ ಬಾಯಿ ಬಿಟ್ಟರು. "ನನ್ನದೇ ಕಣಮ್ಮ. ಕಂಪನಿ ಅಡುಗೆಮನೇಲಿ ಕೂತು ಕತ್ತರಿಸಿಟ್ಟಿದ್ದು."

"ಆದರೆ ಯಾಕೆ?" ಎಂದ ಮಹಾಂತೇಶ್. "ಅಮ್ಮನಿಗೆ ಆ ಪುಸ್ತಕದಲ್ಲಿ ಏನು?"

ದೇವಿರಮ್ಮನಿಗೆ ಹೇಳಲು ಇಷ್ಟವಿರಲಿಲ್ಲ. ನನಗೆ ಅವಳ ಮುಖ ಗೊತ್ತು. ಆದರೂ ಹೇಳಿದಳು.

"ಡ್ಯೂಟೀಲಿ ಮಕ್ಕಳು ಸತ್ತ ಮನೆಗೆ ಓಗೋದು ನನ್ನ ಪಾಲಿಗೇ ಬರೋದು. ಎಂಗಸು ಅಂತ. ಎಷ್ಟು ತಾಯಂದ್ರನ್ನ ನೋಡಿದ್ದೀನೋ ಲೆಕ್ಕ ಇಲ್ಲ. ಒಬ್ಬಳು ತಲೆ ಚಚ್ಕತಾಳೆ. ಒಬ್ಬಳು ಮನೆ ಗುಡಿಸ್ತಾಳೆ. ಒಬ್ಬಳು ನನಗೇ ಕಾಫಿ ಮಾಡಿಕೊಟ್ಲು. ಒಬ್ಬಳಂಗೆ ಇನ್ನೊಬ್ಬಳು ಅಳಾಕಿಲ್ಲ ಕಣ್ರೀ. ಈ ಎಡಗೈ ರಾಣಿದು ಅಂದ್ರಿ. ನಾಟ್ಕದ ಪಟ್ಟು ಕಲಿತೋರು ಜನಕ್ಕೆ ಕಾಣ್ಲಿ ಅಂತ ಮಾಡ್ತಾರೆ. ಇವರು ಸೌಟು ಇಡ್ಕಂಡು, ಬಾಗಿಲ ಮರೇಲಿ, ತಮಗೇ ಗೊತ್ತಿಲ್ಲದಂಗೆ ಮಾಡ್ತಾವ್ರೆ. ಪಾರ್ವತಮ್ನೋರು ರಾಣೀನ ನೋಡಿ ಕಲಿತದ್ದಲ್ಲ ಮಹಾಂತೇಶಪ್ಪ. ರಾಣಿಗೆ ಕಲಿಸಿದ್ದು ಇವರನ್ನ ನೋಡಿ."

ದೇವಿರಮ್ಮ ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿದಳು.

"ನರಸೀಪುರದ ತಾಯಿ ಇವರೇ. ಅದಕ್ಕೇ ಎರಡು ಸಾಲು ಕಿವಿಗೆ ಬೀಳ್ತಿದ್ದಂಗೆ, ನಲವತ್ತು ಜನಕ್ಕೆ ಅಡುಗೆ ಮಾಡಿದ ಕೈ ಎದುರಿಗಿದ್ದ ಆಲು ಉಕ್ಕಿದ್ರೂ ಒಲೆ ಆರಿಸ್ನಿಲ್ಲ. ಮಾರನೇ ದಿನ ಬೆಳಿಗ್ಗೆ ಪುಸ್ತಕ ಅವರ ಕೈಗೆ ಬಂತು." ದೇವಿರಮ್ಮ ಪಾರ್ವತಮ್ಮನ ಕಡೆ ತಿರುಗಿದಳು. "ಕದ್ದೋರು ಅನ್ನೋಕೆ ನಂಗೆ ಬಾಯಿ ಬರಾಕಿಲ್ಲ. ನೀವೇ ಯೋಳಿ. ಈ ಎಣ್ಣುಮಗಳನ್ನ ಸ್ಟೇಷನ್ನಿಗೆ ಕಳ್ಸೋದು ಬ್ಯಾಡ."

ಪಾರ್ವತಮ್ಮ ಸೌಟನ್ನು ಕೆಳಗಿಟ್ಟರು. ಒಳಗೆ ಹೋದರು. ಅಕ್ಕಿ ಡ್ರಮ್ಮಿನ ಮುಚ್ಚಳ ತೆಗೆದ ಸದ್ದು, ಅಕ್ಕಿ ಸರಿದ ಸದ್ದು ಕೇಳಿತು. ತಿರುಗಿ ಬಂದಾಗ ಮೊಣಕೈವರೆಗೆ ಅಕ್ಕಿಯ ಬಿಳಿ ಧೂಳು. ಎದೆಗೆ ಅವಚಿಕೊಂಡಿದ್ದು ಹಿತ್ತಾಳೆ ಮೂಲೆಯ ದೊಡ್ಡ ಪುಸ್ತಕ.

"ಒಂದು ಹೆಣ್ಣುಮಗು ಹೋಗಿದ್ದು ಸಾಕು" ಎಂದರು. ವರ್ಷಿಣಿಯ ತಲೆಯ ಮೇಲೆ ಕೈಯಿಟ್ಟರು. "ಬೆಳಿಗ್ಗೇನೇ ಹೇಳಬೇಕಿತ್ತು ಕಣಮ್ಮ. ಬಾಯಿ ಏಳಲಿಲ್ಲ. ನಿನ್ನ ಹೆಸರು ಎತ್ತಿದಾಗ ಎದೆ ಒಡೆದುಹೋಯ್ತು, ಆದರೂ ಏಳಲಿಲ್ಲ. ತಪ್ಪಾಯ್ತು."

ಮಹಾಂತೇಶ್ ಕುಸಿದು ಕುಳಿತ. ಸ್ವಲ್ಪ ಹೊತ್ತಿನ ಮೇಲೆ ವರ್ಷಿಣಿಯ ಕಡೆ ತಿರುಗಿ ಏನೋ ಗೊಣಗಿದ. ಕ್ಷಮೆಯೇ ಇರಬೇಕು. ಅವನಿಗೆ ಅದನ್ನು ಜೋರಾಗಿ ಹೇಳುವ ಅಭ್ಯಾಸ ಇರಲಿಲ್ಲ.

"ಓದಿ ವಾಪಸ್ ಇಟ್ಟುಬಿಡೋಣ ಅಂತಲೇ ತಗೊಂಡಿದ್ದು" ಎಂದರು ಪಾರ್ವತಮ್ಮ. "ನಲವತ್ತೆಂಟು ವರ್ಷ ಅದನ್ನ ಮುಟ್ಟಿರಲಿಲ್ಲ. ಪೂಜೆಗಿಟ್ಟ ದಿನಗಳಲ್ಲಿ ಓದಬಾರದು ಅಂತಾರೆ. ಓದಿಬಿಟ್ಟೆ. ಪಾಪ ಬಂದರೆ ಬರಲಿ. ಓದಿದ ಮೇಲೆ ವಾಪಸ್ ಇಡೋಕೆ ಕೈ ಬರಲಿಲ್ಲ."

ಪುಸ್ತಕ ತೆರೆದು ವರ್ಷಿಣಿಯ ಮುಂದೆ ಹಿಡಿದರು. "ಓದು."

"ಅಜ್ಜಿ—"

"ಓದು ಮಗ. ಅವರೂ ಕೇಳಲಿ."

ವರ್ಷಿಣಿ ಓದಿದಳು.

"ಮಗು ಸತ್ತು ಅರ್ಧ ಗಂಟೆಯಾಗಿತ್ತು. ತಾಯಿ ಅಳಲಿಲ್ಲ. ಬಾಯಿ ತೆರೆದಳು, ಉಸಿರು ಒಳಗೆ ಹೋಯಿತು, ಸ್ವರ ಹೊರಗೆ ಬರಲಿಲ್ಲ. ಎಡಗೈ ಸೊಂಟದ ಬಳಿ ಮಗುವನ್ನು ಎತ್ತಿಕೊಂಡಂತೆಯೇ ಬಾಗಿತ್ತು, ಬೆರಳುಗಳು ತಟ್ಟುತ್ತಿದ್ದವು. ನಟಿಯು ಹಾಡನ್ನು ಇಲ್ಲಿಂದ ಎತ್ತತಕ್ಕದ್ದು. ಮೊದಲ ಸ್ವರಕ್ಕೆ ಮುನ್ನ ಆರು ಎಣಿಸುವಷ್ಟು ಮೌನ. ಪ್ರೇಕ್ಷಕರು ತಡೆಯಲಾರರು."

"ಆರು ಎಣಿಸುವಷ್ಟು" ಎಂದರು ಪಾರ್ವತಮ್ಮ. "ಎಣಿಸಿದ್ದೀರಿ ನೀವು."

ಮೇಷ್ಟ್ರು ತಲೆ ಎತ್ತಲಿಲ್ಲ. "ಅವತ್ತು ಸಂಜೆ ಆಟ ಇತ್ತು" ಎಂದರು. ದನಿ ಪಾತಾಳದಿಂದ ಬಂದ ಹಾಗಿತ್ತು. "ನನಗೆ ಅಳೋಕೆ ಬರಲಿಲ್ಲ ಪಾರ್ವತಿ. ಏನು ಮಾಡಬೇಕೋ ತಿಳೀಲಿಲ್ಲ. ಬರೆದುಕೊಂಡೆ. ಬರೆದರೆ ಅದು ನಾಟಕ ಆಗುತ್ತೆ, ನಮ್ಮದಲ್ಲ ಅನಿಸುತ್ತೆ ಅಂತ."

"ನಿಮ್ಮದಲ್ಲ ಅನಿಸ್ತು. ನನ್ನದು?" ಅವರು ಕೂಗಲಿಲ್ಲ. ಕೂಗಿದ್ದರೆ ನನಗೆ ಕೇಳಲು ಇಷ್ಟು ಕಷ್ಟವಾಗುತ್ತಿರಲಿಲ್ಲ. "ಊರೂರಲ್ಲಿ ಸೈಡ್ ವಿಂಗ್‌ನಲ್ಲಿ ನಿಂತು ಆ ರಾಣೀನ ನೋಡ್ತಿದ್ದೆ ಕಣಮ್ಮ ದೇವಿರಮ್ಮ. ನಾನು ನಿಂತ ಹಾಗೇ ನಿಂತಿದ್ದಾಳಲ್ಲ, ಅಂತಿದ್ದೆ. ಎಲ್ಲ ತಾಯಂದಿರೂ ಹೀಗೇ ಅಳ್ತಾರೆ, ನಾನೊಬ್ಬಳೇ ಅಲ್ಲ ಅಂದ್ಕೊಂಡಿದ್ದೆ. ಟೆಂಟಲ್ಲಿ ಕೂತ ಹೆಂಗಸರೆಲ್ಲ ಅಳ್ತಿದ್ದರು. ಅವರೂ ನನ್ನ ಜೊತೆಯವರೇ ಅಂದ್ಕೊಂಡಿದ್ದೆ. ಅಷ್ಟರಲ್ಲೇ ಇಷ್ಟು ವರ್ಷ ಕಳೆದೆ. ಈಗ ನೋಡಿದರೆ ಅಲ್ಲಿ ಇದ್ದವಳು ನಾನೊಬ್ಬಳೇ."

ನನ್ನ ಕನ್ನಡಕ ಮಸುಕಾಯಿತು. ಒರೆಸಿಕೊಂಡೆ. ದೇವಿರಮ್ಮ ಸೆರಗು ಕಚ್ಚಿಕೊಂಡು ಕಿಟಕಿ ಕಡೆ ತಿರುಗಿದಳು. ಒಬ್ಬರಂತೆ ಇನ್ನೊಬ್ಬರು ಅಳುವುದಿಲ್ಲ ಎಂದು ಸ್ವಲ್ಪ ಹೊತ್ತಿಗೆ ಮುಂಚೆ ಹೇಳಿದವಳು ಅವಳೇ. ಹೇಳಬಾರದಿತ್ತು ಅನ್ನಿಸಿರಬೇಕು.

"ಆ ಪುಟ ಕಿತ್ತುಹಾಕು" ಎಂದರು ಮೇಷ್ಟ್ರು. "ಜವರಪ್ಪ, ಆ ಅಧ್ಯಾಯ ಅಚ್ಚಾಗೋದು ಬೇಡ. ಪಾರ್ವತಿ, ನೀನೇ ಸುಡು."

"ಸುಡೋದಾಗಿದ್ದರೆ ಮನೇಲಿ ಒಲೆ ಇರಲಿಲ್ವಾ? ಮೂರು ದಿನ ಅಕ್ಕಿಯಲ್ಲಿ ಯಾಕೆ ಹೂತಿಡ್ತಿದ್ದೆ?" ಪಾರ್ವತಮ್ಮ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕುಳಿತರು. "ಅವಳದು ಒಂದು ಫೋಟೋ ಇಲ್ಲ. ಅವಳ ಒಂದು ಅಂಗಿ ಇಲ್ಲ. ಕ್ಯಾಂಪು ಎತ್ತಿದಾಗ ಎಲ್ಲ ಎಲ್ಲೋ ಹೋಯ್ತು. ಅವಳು ಇದ್ದಳು ಅನ್ನೋಕೆ ಈ ಒಂದು ಪುಟ ಇದೆ. ಅದರಲ್ಲೂ ಹೆಸರಿಲ್ಲ. ಪೂರ್ತಿ ಹುಡುಕಿದೆ. ಒಬ್ಬ ತಾಯಿ, ಒಂದು ಮಗು, ಅಷ್ಟೇ. ಕೈ ಬರೆದಿದ್ದೀರಿ, ಬೆರಳು ಬರೆದಿದ್ದೀರಿ. ಅವಳ ಹೆಸರು ಬರೀಲಿಲ್ಲ."

ದೂರದಲ್ಲಿ ಕುಶಾಲತೋಪು ಹಾರಿತು. ಒಂದು, ಎರಡು, ಮೂರು. ಕಿಟಕಿಯ ಗಾಜು ಅದುರಿತು. ಅರಮನೆಯ ಕಡೆಯಿಂದ ಜನರ ಕೂಗು ಎದ್ದಿತು. ಸ್ಟೇಷನ್ನಿಗೆ ಹೋಗುತ್ತೇನೆ ಎಂದಿದ್ದವನು ಹಾಗೇ ಕುಳಿತಿದ್ದ.

"ಅಚ್ಚಾಗಲಿ" ಎಂದರು ಪಾರ್ವತಮ್ಮ. "ಕಲಿಯೋರು ಕಲಿತುಕೊಳ್ಳಲಿ. ಹೆಸರು ಹಾಕಿ ಅಚ್ಚು ಮಾಡಿ."

ವರ್ಷಿಣಿ ಕಣ್ಣೊರೆಸಿಕೊಂಡು ಲ್ಯಾಪ್‌ಟಾಪ್ ಎಳೆದುಕೊಂಡಳು. ಎರಡು ಸಾಲಿನ ಮುಂದೆ ಕರ್ಸರ್ ಮಿನುಗುತ್ತಿತ್ತು.

"ಹೆಸರು ಹೇಳಿ ಅಜ್ಜಿ."

ಪಾರ್ವತಮ್ಮ ಬಾಯಿ ತೆರೆದರು. ಉಸಿರು ಒಳಗೆ ಹೋಯಿತು. ಸ್ವರ ಬರಲಿಲ್ಲ. ಎಡಗೈ ಸೊಂಟದ ಹತ್ತಿರ ಬಾಗಿತು, ಬೆರಳು ತಟ್ಟತೊಡಗಿತು. ಆರು ಎಣಿಸುವಷ್ಟಾಯಿತು. ಅರವತ್ತು ಎಣಿಸುವಷ್ಟಾಯಿತು. ನಾವು ಯಾರೂ ಎಣಿಸಲಿಲ್ಲ.

ಮೇಷ್ಟ್ರು ಕುರ್ಚಿಯಿಂದ ಇಳಿದರು. ನೆಲ ತಡವರಿಸಿಕೊಂಡು ಅಷ್ಟು ದೂರ ಕೈಯೂರಿ ಹೋದರು. ಆ ಎಡಗೈ ಸಿಕ್ಕಿತು. ಅದನ್ನು ಹಿಡಿದುಕೊಂಡು, ಹಣೆಗೆ ಒತ್ತಿಕೊಂಡು, ಗೋಳೋ ಎಂದು ಅತ್ತರು. ಅವರ ಪುಸ್ತಕದ ಯಾವ ನಿಯಮಕ್ಕೂ ಸೇರದ ಅಳು, ಶ್ರುತಿಯಿಲ್ಲದ್ದು, ಮೂಗು ಬಾಯಿ ಒಂದಾದದ್ದು.

"ನೀಲಾಂಬಿಕೆ" ಎಂದರು ಮೇಷ್ಟ್ರು. "ಮನೇಲಿ ನೀಲು ಅಂತಿದ್ವಿ. ಬರಕೋ ಮಗ. ಮೂರು ವರ್ಷ ಎರಡು ತಿಂಗಳು."

ವರ್ಷಿಣಿ ಅದನ್ನು ಜೋರಾಗಿ ಓದಿಕೊಂಡು ಟೈಪ್ ಮಾಡಿದಳು.